ಹುಣ್ಣಿಮೆ ಎಣಿಸುವ ಸಿಸ್ಟರ್

ಬೆಳಗಿನ ಐದೂವರೆ. ಹುಲಿಗಿಯ ಹೊಳೆದಂಡೆಯಲ್ಲಿ ಆಗಲೇ ಕಾಲಿಡಲು ಜಾಗವಿಲ್ಲ. ಇವತ್ತು ಭರತ ಹುಣ್ಣಿಮೆ. ರಾತ್ರಿ ರೈಲಿಗೆ ಬಂದವರು, ಟಂಟಂ ಹತ್ತಿ ಬಂದವರು, ಎರಡು ದಿನ ನಡೆದೇ ಬಂದವರು, ಎಲ್ಲರೂ ತುಂಗಭದ್ರೆಯಲ್ಲಿ ಮುಳುಗಿ ಎದ್ದು, ನಡುಗುತ್ತ, ಒದ್ದೆ ಬಟ್ಟೆಯಲ್ಲೇ ಮೈಯುದ್ದ ಅಡ್ಡಬೀಳುತ್ತ ದೀಡ್ ನಮಸ್ಕಾರ ಹಾಕುತ್ತ ಹುಲಿಗೆಮ್ಮನ ಗುಡಿಯ ಕಡೆ ಸಾಗುತ್ತಿದ್ದಾರೆ. ಹೊಳೆಯಿಂದ ಗುಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಹುಲಗಮ್ಮನ ತೆಂಗಿನಕಾಯಿ ಅಂಗಡಿ. ಅದರ ಒಳಮೂಲೆಯಲ್ಲಿ, ಕಾಯಿ ಚೀಲದ ಮೇಲೆ, ಬೂದು ಸೀರೆಯುಟ್ಟ ಹೆಂಗಸೊಬ್ಬರು ಕೂತಿದ್ದಾರೆ. ಕೊರಳಲ್ಲಿ ಸಣ್ಣ ಶಿಲುಬೆ. ಅವರ ಕಣ್ಣು ಗುಡಿಯ ಕಡೆಗಿಲ್ಲ, ಹೊಳೆಯ ಕಡೆಗೂ ಇಲ್ಲ. ಟ್ರ್ಯಾಕ್ಟರುಗಳು ಬಂದು ನಿಲ್ಲುವ ಬಯಲನ್ನು ಬಿಟ್ಟು ಅದು ಅಲ್ಲಾಡುತ್ತಿಲ್ಲ.

"ಏ ಸಲೋಮಕ್ಕ, ಒಂದು ಗುಟುಕು ಚಾ ಕುಡೀರಿ. ನೀವು ದಿಟ್ಟಿಸಿ ನೋಡಿದ್ರ ಟ್ರ್ಯಾಕ್ಟರ್ ಜಲ್ದಿ ಬರ್ತೈತೇನು?" ಹುಲಗಮ್ಮ ಕಾಯಿಯ ನಾರು ಸುಲಿಯುತ್ತಲೇ ಕೇಳುತ್ತಾಳೆ.

"ಬಂದ ಮ್ಯಾಗ ಕುಡೀತೀನಿ, ಅಲ್ಲಿಡು."

"ಹೋದ ಹುಣ್ಣಿಮಿಗೂ ಹಿಂಗ ಅಂದ್ರಿ. ಚಾ ಆರಿ ನೀರಾತು."

ಹೋದ ಹುಣ್ಣಿಮೆಯ ಮಾತು ಬಂದದ್ದೇ ಸಿಸ್ಟರ್ ಸಲೋಮಿ ಕಪ್ಪಿನ ಬಾಯಿಗೆ ಒಂದು ಎಲೆ ಮುಚ್ಚಿ ಪಕ್ಕಕ್ಕಿಡುತ್ತಾರೆ.

ಅವರು ಕಾಯುತ್ತಿರುವುದು ನಾಲ್ಕು ಜನರಿಗಾಗಿ. ಮುದಕಮ್ಮ, ಅವಳ ಗಂಡ ಹುಚ್ಚೀರಪ್ಪ, ಒಂಬತ್ತು ವರ್ಷದ ಮಗಳು ಅಮೃತಾ, ಹನ್ನೊಂದು ತಿಂಗಳ ಕೂಸು ಯಮನೂರ. ಕುಷ್ಟಗಿ ತಾಲ್ಲೂಕಿನಿಂದ ಗುಳೆ ಹೊರಟ ಈ ಕುಟುಂಬ ಹದಿನಾಲ್ಕು ತಿಂಗಳಿಂದ ಗಂಗಾವತಿ ಸೀಮೆಯ ಹೊಳೆದಂಡೆಯ ಇಟ್ಟಂಗಿ ಭಟ್ಟಿಯೊಂದರಲ್ಲಿದೆ. ಮಳೆಗಾಲದಲ್ಲಿ ಭಟ್ಟಿ ನಿಂತಾಗಲೂ ಮಾಲೀಕ ಇವರನ್ನು ಊರಿಗೆ ಬಿಡಲಿಲ್ಲ, ತನ್ನ ಗದ್ದೆಗೆ ಇಳಿಸಿದ. ಕೊಟ್ಟ ಮುಂಗಡ ಇನ್ನೂ ತೀರಿಲ್ಲ ಎಂಬುದೇ ಅವನ ಮಾತು. ಕೂಸು ಹುಟ್ಟಿದ್ದೂ ಭಟ್ಟಿಯ ಗುಡಿಸಲಿನಲ್ಲೇ. ಈ ಹುಣ್ಣಿಮೆ ಕಳೆದರೆ ಭಟ್ಟಿಯ ಆಳುಗಳನ್ನೆಲ್ಲ ತೆಲಂಗಾಣದ ಕಡೆ ಸಾಗಿಸುತ್ತಾರೆಂಬ ಸುದ್ದಿ ಬಂದಿದೆ. ಮುಂದಿನ ಹುಣ್ಣಿಮೆಗೆ ಕಾದರೆ ಬರುವವರೇ ಇರುವುದಿಲ್ಲ. ಇವತ್ತು ನಾಲ್ಕೂ ಜನ ಟ್ರ್ಯಾಕ್ಟರಿನಿಂದ ಇಳಿಯಬೇಕು, ಅದು ಹತ್ತು ಗಂಟೆಗೆ ವಾಪಸು ಹೊರಡುವ ಮೊದಲು ಕೊಪ್ಪಳದಲ್ಲಿ ಜೀತ ಬಿಡಿಸುವ ಅಧಿಕಾರಿಯ ಮುಂದೆ ನಿಂತು ಬಾಯಿ ಬಿಡಬೇಕು.

ಕ್ರೈಸ್ತ ಸನ್ಯಾಸಿನಿಗೆ ಹುಲಿಗೆಮ್ಮನ ಗುಡಿಯ ಮುಂದೆ ಏನು ಕೆಲಸ ಎಂದು ಕೇಳಿದವರು ಬಹಳ. ಒಮ್ಮೆ ನಾಲ್ಕು ಜನ ಹುಡುಗರು ಬಂದು ಚೀಲ ಬಿಚ್ಚಿಸಿ ನೋಡಿದ್ದರು. ಒಳಗಿದ್ದದ್ದು ಒಂದು ನೋಟ್‌ಬುಕ್ಕು, ಬೆರಳೊತ್ತುವ ಮಸಿಯ ಡಬ್ಬಿ, ಒಂದು ಪಾಕೀಟು ಬಿಸ್ಕತ್ತು. "ಯಾರನ್ನ ಜಾತಿ ಕೆಡಸಾಕ ಬಂದೀರಿ?" ಎಂದು ಅವರು ಎಗರಾಡುತ್ತಿದ್ದಾಗ ಹುಲಗಮ್ಮ ಕಾಯಿ ಸುಲಿಯುವ ಹಾರೆಯ ಪಕ್ಕದಿಂದ ಎದ್ದು ಬಂದು, "ನನ್ನ ಅಂಗಡಿ ಕಾಯಾಕ ನಾನ ಕುಂದರಿಸೀನಿ. ಪಗಾರ ನೀವು ಕೊಡ್ತೀರೇನು?" ಎಂದಳಂತೆ. ಅಂದಿನಿಂದ ಆ ಮೂಲೆ ಸಲೋಮಿಯವರದು.

"ಇದರಾಗ ನನ್ನ ಶಾಣ್ಯಾತನ ಏನೂ ಇಲ್ಲ," ಎನ್ನುತ್ತಾರೆ ಅವರು. "ಭಟ್ಟಿ ಮಾಲಕರು, ಮಿಲ್ಲಿನವರು ಆಳುಗಳಿಗೆ ಜ್ವರ ಬಂದ್ರೂ ಹೊರಗ ಬಿಡಂಗಿಲ್ರಿ. ಊರಾಗ ಯಾರರ ಸತ್ರೂ ಬಿಡಂಗಿಲ್ಲ. ಆದ್ರ ಹುಲಿಗೆಮ್ಮಗ ಹರಕಿ ಹೊತ್ತೀನಿ ಅಂದ್ರ ಬ್ಯಾಡ ಅನ್ನಾಕ ಒಬ್ಬ ಮಾಲಕಗೂ ಧೈರ್ಯ ಇಲ್ಲ. ಯಾಕಂದ್ರ ಅವನೂ ಆಕಿಗೆ ನಡಕೊಳ್ಳೂವವನ! ತಾನ ಟ್ರ್ಯಾಕ್ಟರ್ ಕೊಟ್ಟು ಕಳಸ್ತಾನ."

ಈ ದಾರಿ ಅವರಿಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ಹುಟ್ಟಿದ್ದು ಮುದಗಲ್ಲಿನಲ್ಲಿ, ನೂರಾರು ವರ್ಷಗಳಿಂದ ಕನ್ನಡವನ್ನೇ ಮಾತಾಡುವ ಕ್ರೈಸ್ತರ ಓಣಿಯಲ್ಲಿ. ಅಪ್ಪ ಕಲ್ಲು ಕಟ್ಟುವ ಗೌಂಡಿ. ಓಣಿಯ ಅರ್ಧ ಜನ ವರ್ಷವಿಡೀ ಗೋವಾದಲ್ಲೋ ಪುಣೆಯಲ್ಲೋ ಇರುತ್ತಿದ್ದರು. ಕ್ರಿಸ್‌ಮಸ್ಸಿಗೆ ಬಾರದವರೂ ಮೊಹರಮ್ಮಿಗೆ ಊರಿಗೆ ಬಂದು ಬೀಳುತ್ತಿದ್ದರು, ಯಾವ ಜಾತಿಯವರೇ ಆಗಿರಲಿ. "ಗುಳೆ ಹೋದೋರನ್ನ ಹುಡುಕಿಕೋಂತ ದೇಶ ತಿರುಗೂದು ಬ್ಯಾಡ. ಅವರು ಯಾವ ದಿನಕ್ಕ, ಯಾವ ಗುಡಿಗೆ ಬಂದ ಬರ್ತಾರ ಅನ್ನೂದು ಗೊತ್ತಿದ್ರ ಸಾಕು. ಅಲ್ಲಿ ಹೋಗಿ ಕುಂದ್ರಬೇಕು," ಎಂಬುದು ಐವತ್ತೆಂಟರ ಸಲೋಮಿ ತನ್ನ ಓಣಿಯಿಂದ ಕಲಿತ ಪಾಠ.

ಗಂಗಾವತಿಯ ಅಂಚಿನ ಎರಡು ಕೋಣೆಯ ಬಾಡಿಗೆ ಮನೆಯೇ ಅವರ ಮಠ. ಇರುವವರು ಇಬ್ಬರು. ಇನ್ನೊಬ್ಬರು ಮಂಗಳೂರು ಕಡೆಯ ಸಿಸ್ಟರ್ ಪ್ರೆಸಿಲ್ಲಾ, ಹಳೆಯ ಓಮ್ನಿ ಓಡಿಸುವವರು. ನಾಲ್ಕೂವರೆಗೆ ಏಳುವುದು, ಪ್ರಾರ್ಥನೆ, ಒಂದಿಷ್ಟು ಅನ್ನ ಕಲಸಿ ಡಬ್ಬಿಗೆ ಹಾಕಿಕೊಂಡು ಆರೂಕಾಲಿನ ಬಸ್ಸು. ಒಂದು ದಿನ ಕುಷ್ಟಗಿ, ಒಂದು ದಿನ ಯಲಬುರ್ಗಾ, ಇನ್ನೊಂದು ದಿನ ಅಳವಂಡಿ ಕಡೆ. ಮಂದಿ ಗುಳೆ ಹೊರಡುವ ಮೊದಲು ಯಾರು ಯಾರ ಹಿಂದೆ ಎಲ್ಲಿಗೆ ಹೋಗುತ್ತಾರೆಂದು ಬರೆದುಕೊಳ್ಳುವುದು, ಹೋದವರ ಸುದ್ದಿ ಬಾರದಿದ್ದರೆ ಹುಡುಕುವುದು. ಹನ್ನೊಂದು ವರ್ಷಗಳಲ್ಲಿ ಏಳು ನೋಟ್‌ಬುಕ್ಕು ತುಂಬಿವೆ. ಅದರಲ್ಲಿ ಹೆಸರಿರುವ ಇನ್ನೂರ ಹದಿನಾಲ್ಕು ಕುಟುಂಬಗಳ ಪೈಕಿ ಜೀತದಿಂದ ಬಿಡುಗಡೆಯ ಪತ್ರ ಸಿಕ್ಕಿದ್ದು ಅರವತ್ತೊಂದಕ್ಕೆ. ಒಂಬತ್ತು ಕುಟುಂಬಗಳು ಪತ್ರ ಸಿಕ್ಕ ಮೇಲೂ ಮತ್ತೆ ಭಟ್ಟಿಗೇ ಮರಳಿದವು. ಆ ಒಂಬತ್ತರ ಹೆಸರು ಕೇಳಿದರೆ ಸಲೋಮಿ ನೋಟ್‌ಬುಕ್ಕು ತೆರೆಯದೆಯೇ ಹೇಳುತ್ತಾರೆ.

ಅಡುಗೆಮನೆಯ ಗೋಡೆಯ ಮೇಲೆ ಯೇಸುವಿನ ಪಟ. ಅದರ ಪಕ್ಕದ ಕ್ಯಾಲೆಂಡರಿನಲ್ಲಿ ಪ್ರತಿ ಹುಣ್ಣಿಮೆಗೂ ಕೆಂಪು ಸುತ್ತು. "ನಮ್ಮ ಮಠದಲ್ಲಿ ಈಸ್ಟರಿಗಿಂತ ಹುಣ್ಣಿಮೆಯೇ ದೊಡ್ಡದು ಮಾರಾಯ್ರೆ," ಎಂದು ಪ್ರೆಸಿಲ್ಲಾ ಹಂಗಿಸುತ್ತಾರೆ. ಸಲೋಮಿಯವರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಈಸ್ಟರೂ ಹುಣ್ಣಿಮಿ ನೋಡೇ ಬರ್ತೈತಿ, ತಿಳ್ಕೋ."

ಆದರೆ ಹೋದ ಬನದ ಹುಣ್ಣಿಮೆಯಲ್ಲಿ ಆದದ್ದನ್ನು ನೆನೆದರೆ ಈ ನಗೆ ನಿಂತುಹೋಗುತ್ತದೆ.

ಮಾಲೀಕರು ಹರಕೆಗೆ ಬಿಡುತ್ತಾರೇನೋ ನಿಜ, ಅದಕ್ಕೂ ಒಂದು ಲೆಕ್ಕವಿದೆ. ಗಂಡ ಹೋದರೆ ಹೆಂಡತಿ ಮಕ್ಕಳು ಭಟ್ಟಿಯಲ್ಲಿ. ಹೆಂಡತಿ ಹೋದರೆ ಗಂಡ ಭಟ್ಟಿಯಲ್ಲಿ. ಒಬ್ಬರನ್ನು ಹಿಡಿದಿಟ್ಟುಕೊಂಡರೆ ಇನ್ನೊಬ್ಬರು ತಾವಾಗಿಯೇ ಮರಳುತ್ತಾರೆ. ಬನದ ಹುಣ್ಣಿಮೆಗೆ ಬೇರೊಂದು ಭಟ್ಟಿಯಿಂದ ಆರು ಗಂಡಸರು ಬಂದಿದ್ದರು. ಹೇಳಿಕೆ ಕೊಡುತ್ತೇವೆ ಎಂದರು. ಸಲೋಮಿ ತಡಮಾಡದೆ ಅವರನ್ನು ಕೊಪ್ಪಳಕ್ಕೆ ಕರೆದೊಯ್ದರು. ಹೇಳಿಕೆಯೂ ಆಯಿತು. ಅಧಿಕಾರಿಗಳ ಜೀಪು ಸಂಜೆ ಭಟ್ಟಿ ಮುಟ್ಟುವಷ್ಟರಲ್ಲಿ ಹೆಂಗಸರು ಮಕ್ಕಳನ್ನು ಲಾರಿಗೆ ಹೇರಿ ಸಾಗಿಸಿಯಾಗಿತ್ತು. ಗುಡಿಸಲುಗಳಲ್ಲಿ ಒಲೆ ಇನ್ನೂ ಬಿಸಿಯಿತ್ತು. ಎಲ್ಲರನ್ನೂ ಹುಡುಕಿ ಒಂದೆಡೆ ಸೇರಿಸಲು ಹತ್ತೊಂಬತ್ತು ದಿನ ಹಿಡಿಯಿತು.

"ಆ ಹತ್ತೊಂಬತ್ತು ದಿನ ಆ ಗಂಡಸ್ರು ನಮ್ಮ ಮನಿ ಪಡಸಾಲ್ಯಾಗ ಮಲಗ್ತಿದ್ರು. ಒಬ್ರೂ ನನ್ನ ಬೈಲಿಲ್ರಿ. ಬೈದಿದ್ರ ಛಲೋ ಇತ್ತು," ಎನ್ನುತ್ತಾರೆ ಸಲೋಮಿ. "ಅವಸರ ನಂದು. ತಪ್ಪೂ ನಂದು."

ಹಾಗಾದರೆ ಅಧಿಕಾರಿಗಳನ್ನು ನೇರ ಭಟ್ಟಿಗೇ ಕರೆದೊಯ್ಯಬಹುದಲ್ಲ? ಒಯ್ದದ್ದೂ ಉಂಟು. ಮಾಲೀಕ ಎದುರಿಗೆ ನಿಂತಿರುತ್ತಾನೆ, ಮಕ್ಕಳು ಅವನ ಬೇಲಿಯೊಳಗಿರುತ್ತಾರೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಾವು ಖುಷಿಲೇ ಅದೀವ್ರಿ ಸಾಹೇಬ್ರ." ಇಡೀ ಕುಟುಂಬ ಬೇಲಿಯಿಂದ ಹೊರಗೆ ಬಂದು ನಿಂತರೆ ಮಾತ್ರ ನಾಲಗೆ ಸಡಿಲವಾಗುತ್ತದೆ.

ಹಾಗೆಂದೇ ಈ ಸಲ ಸಲೋಮಿ ಹದಿನೈದು ದಿನ ತಲೆ ಕೆಡಿಸಿಕೊಂಡರು. ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಟ್ಟಿಗೇ ಬರಲೇಬೇಕಾದ ಹರಕೆ ಯಾವುದು? ಉತ್ತರ ಕೊಟ್ಟದ್ದು ಭಟ್ಟಿಗಳಿಗೆ ಟೋಸ್ಟು, ಖಾರಿ ಮಾರುವ ಶಾಹೀದ. ಅವನ ಮೊಪೆಡ್ಡಿಗೆ ಯಾವ ಬೇಲಿಯೂ ಅಡ್ಡವಿಲ್ಲ. "ಮುದಕವ್ವನ ಕೂಸಿಗೆ ಹನ್ನೊಂದು ತಿಂಗಳಾತು ಸಿಸ್ಟರ್. ತಲಿ ಕೂದಲ ಕಣ್ಣಿಗೆ ಬೀಳ್ತಾವ. ಜವಳ ಆಗಿಲ್ಲ," ಎಂದ ಅವನು.

ಜವಳ ಎಂದರೆ ಕೂಸಿನ ಮೊದಲ ಕೂದಲು ತೆಗೆಸುವ ಶಾಸ್ತ್ರ. ಮನೆದೇವರ ಮುಂದೆಯೇ ಆಗಬೇಕು. ಸಲೋಮಿ ಕೂತು ಪಟ್ಟಿ ಮಾಡಿದರು. ಕೂಸನ್ನು ಹೊಳೆಯಲ್ಲಿ ಮುಳುಗಿಸಲು ಅಪ್ಪ ಬೇಕು. ಕೂದಲನ್ನು ಸೆರಗಿಗೆ ಹಿಡಿಯಲು ಅವ್ವ ಬೇಕು. ಆರತಿ ತಟ್ಟೆ ಹಿಡಿಯಲು ಅಕ್ಕ ಬೇಕು. ನಾಲ್ವರಿಗೂ ಒಂದೊಂದು ಕೆಲಸ. ಯಾರನ್ನು ಹಿಂದಿಟ್ಟುಕೊಂಡರೂ ಶಾಸ್ತ್ರ ಕೆಡುತ್ತದೆ, ಅಮ್ಮನ ಸಿಟ್ಟು ಮಾಲೀಕನ ಮೇಲೆ ತಿರುಗುತ್ತದೆ.

ಶಾಹೀದನ ಕೈಯಲ್ಲಿ ಹೋದ ಸುದ್ದಿಗೆ ಮುದಕಮ್ಮನಿಂದ ಒಂದೇ ಷರತ್ತು ವಾಪಸು ಬಂತು. ಜವಳ ಅಂತ ಹೇಳಿ ಬಂದ ಮೇಲೆ ಜವಳ ಖರೇನೇ ಆಗಬೇಕು, ಆಮೇಲೆ ಆಫೀಸು. ಸಲೋಮಿಗೂ ಅದೇ ಬೇಕಿತ್ತು. "ಆಕಿ ದೇವರ ಹೆಸರಿಲೆ ಆಕಿ ಸುಳ್ಳ ಹೇಳೂದು ನನಗೂ ಬ್ಯಾಡ."

ಆರು ಮುಕ್ಕಾಲು. ಬಯಲಿಗೆ ಕೆಂಪು ಟ್ರ್ಯಾಕ್ಟರೊಂದು ಬಂದು ನಿಲ್ಲುತ್ತದೆ. ಟ್ರೇಲಿಯ ಹಿಂಬದಿ ಬಿಚ್ಚಿ, ಇಳಿಯುವವರ ತಲೆ ಎಣಿಸುತ್ತ ನಿಂತವನು ಓಬಳೆಪ್ಪ. ಭಟ್ಟಿಯ ಮೇಸ್ತ್ರಿ. ಆಳುಗಳನ್ನು ಊರೂರಿಂದ ಕರೆತರುವವನೂ ಅವನೇ, ಕಾಯುವವನೂ ಅವನೇ. ಎಲ್ಲರ ಮೊಬೈಲುಗಳು ಅವನ ಹೆಗಲ ಚೀಲದಲ್ಲಿವೆ.

"ಹತ್ತಕ್ಕ ಗಾಡಿ ಬಿಡತೈತಿ. ಹತ್ತೂ ಒಂದಕ್ಕ ಬಂದೋರು ನಡಕೋಂತ ಬರಬೇಕು, ಹೇಳೀನಿ!" ಅವನ ಕೂಗು ಅಂಗಡಿಯವರೆಗೆ ಕೇಳುತ್ತದೆ.

ಸಲೋಮಿ ಎಣಿಸುತ್ತಾರೆ. ಹುಚ್ಚೀರಪ್ಪ ಇಳಿದ. ಅವನ ಹಿಂದೆ ಕೂಸನ್ನು ಕಂಕುಳಿಗೆ ಒತ್ತಿಕೊಂಡ ಮುದಕಮ್ಮ. ಆಮೇಲೆ ಯಾರೋ ಮುದುಕ, ಇಬ್ಬರು ಹುಡುಗಿಯರು. ಅಮೃತಾ ಕಾಣುವುದಿಲ್ಲ. ಸಲೋಮಿಯವರ ಕೈ ತಾನಾಗಿ ಹುಲಗಮ್ಮನ ಭುಜ ಹಿಡಿಯುತ್ತದೆ. ಕೊನೆಗೆ ಟ್ರೇಲಿಯ ಮೂಲೆಯಿಂದ ಹಿತ್ತಾಳೆ ತಟ್ಟೆಯೊಂದನ್ನು ಎದೆಗೆ ಅವಚಿಕೊಂಡು ಸಣಕಲು ಹುಡುಗಿಯೊಬ್ಬಳು ಜಿಗಿಯುತ್ತಾಳೆ.

"ನಾಕೂ ಬಂದ್ವು," ಎಂದು ಸಲೋಮಿ ಉಸಿರು ಬಿಡುತ್ತಾರೆ. ಹಿಂದೆ ಸ್ವಲ್ಪ ದೂರದಲ್ಲಿ, ಮುಖ ಕೊಪ್ಪಳದ ಕಡೆ ಮಾಡಿ ನಿಲ್ಲಿಸಿದ ಓಮ್ನಿಯಲ್ಲಿ ಪ್ರೆಸಿಲ್ಲಾ ಇದ್ದಾರೆ. ಅಧಿಕಾರಿ ಒಂಬತ್ತೂವರೆಗೇ ಬಂದಿರುತ್ತೇನೆಂದು ಮಾತು ಕೊಟ್ಟಿದ್ದಾರೆ. ಕ್ಷೌರದ ಅಜ್ಜನ ಹತ್ತಿರ ಪಾಳಿ ಹಿಡಿಸಿಯಾಗಿದೆ. ಎಲ್ಲವೂ ಪಟ್ಟಿಯಂತೆ ನಡೆಯುತ್ತಿದೆ.

ಹೊಳೆದಂಡೆಯ ಕಲ್ಲಿನ ಮೇಲೆ ಕ್ಷೌರದ ಅಜ್ಜ ಕತ್ತಿ ಮಸೆಯುತ್ತ ಕೂತಿದ್ದಾನೆ. ಮುದಕಮ್ಮ ಕೂಸಿನೊಂದಿಗೆ ಎದುರಿಗೆ ಬಂದು ನಿಲ್ಲುತ್ತಾಳೆ. ಅಜ್ಜ ಕೂಸಿನ ತಲೆಗೆ ನೀರು ಸವರಿ, ಸುತ್ತ ನೋಡಿ, ಕೇಳುತ್ತಾನೆ:

"ಸೋದರಮಾವ ಎಲ್ಲದಾನ?"

ಮುದಕಮ್ಮ ಗಂಡನ ಮುಖ ನೋಡುತ್ತಾಳೆ.

"ಅಲ್ಲಬೇ, ಕೂಸು ಯಾರ ತೊಡಿ ಮ್ಯಾಗ ಕುಂದ್ರಬೇಕು? ಮಾವನ ತೊಡಿ ಇಲ್ದ ನಾ ಕತ್ತಿ ಹಚ್ಚಂಗಿಲ್ಲ. ಅರವತ್ತು ವರ್ಷದಾಗ ಹಚ್ಚಿಲ್ಲ."

ಅಂಗಡಿಯ ಮೂಲೆಯಲ್ಲಿ ಸಲೋಮಿ ಹಣೆ ಒತ್ತಿಕೊಳ್ಳುತ್ತಾರೆ. ಭಟ್ಟಿಯ ಒಳಗಿದ್ದ ನಾಲ್ವರನ್ನು ಹೇಗೆ ಹೊರಗೆ ತರುವುದೆಂಬ ಚಿಂತೆಯಲ್ಲಿ, ಹೊರಗೇ ಇರುವ ಮಾವ ಪಟ್ಟಿಯಿಂದ ತಪ್ಪಿಹೋಗಿದ್ದಾನೆ. ಮುದಕಮ್ಮನ ಒಬ್ಬನೇ ತಮ್ಮ ಮಂಗಳೂರಿನಲ್ಲಿ ಸಿಮೆಂಟು ಕಲಸುತ್ತಿದ್ದಾನೆ. ಎಂಟು ದಿನ ಮೊದಲು ಒಂದು ಫೋನು ಮಾಡಿದ್ದರೆ ಬರುತ್ತಿದ್ದ.

"ಭಾಳ ಛಲೋ ಆತು!" ಹುಲಗಮ್ಮ ಹಣೆ ಬಡಿದುಕೊಳ್ಳುತ್ತಾಳೆ. "ಕೊಳ್ಳಾಗ ಶಿಲುಬಿ ಹಾಕ್ಕೊಂಡು ಜವಳ ಮಾಡಸಾಕ ಹೊಂಟ್ರ ಹಿಂಗ ಆಗೂದು. ನನಗರ ಒಂದು ಮಾತು ಕೇಳಬಾರದೇನ್ರಿ?"

ಅಷ್ಟರಲ್ಲಿ ಓಬಳೆಪ್ಪ ಹೊಳೆಯ ಕಡೆ ನಡೆದು ಬರುತ್ತಿದ್ದಾನೆ. ಮಾವ ಇಲ್ಲದ ಜವಳ ಎಂಬುದು ಅವನ ಕಿವಿಗೂ ಬಿದ್ದಿದೆ. "ಏನು ನಾಟಕ ಇದು? ಜವಳ ಅಂದ್ರಿ, ನಾಕೂ ಮಂದಿ ಬರಬೇಕು ಅಂದ್ರಿ. ಮಾವನ್ನ ಕರೆಸಿಲ್ಲ ಅಂದ್ರ ಜವಳ ಹೆಂಗ ಆಕ್ಕೈತಿ?" ಎಂದು ಹುಚ್ಚೀರಪ್ಪನ ತೋಳು ಹಿಡಿಯುತ್ತಾನೆ. ಹುಚ್ಚೀರಪ್ಪನ ಕಣ್ಣು ಒಮ್ಮೆ ಅಂಗಡಿಯ ಕಡೆ ಹೊರಳುತ್ತದೆ. ಮೇಸ್ತ್ರಿಯ ಕಣ್ಣೂ ಅದರ ಹಿಂದೆಯೇ ಹೊರಳಿ, ಬೂದು ಸೀರೆಯ ಮೇಲೆ ನಿಲ್ಲುತ್ತದೆ. ಸಿಸ್ಟರನ್ನು ಗುರುತಿಸದ ಮೇಸ್ತ್ರಿ ಈ ಸೀಮೆಯಲ್ಲಿಲ್ಲ. ಅವನ ಇನ್ನೊಂದು ಕೈ ಚೀಲದೊಳಗಿನ ಫೋನಿಗೆ ಹೋಗುತ್ತದೆ. ಒಂದೇ ಒಂದು ಕರೆ ಸಾಕು. ಭಟ್ಟಿಯಲ್ಲಿ ಉಳಿದವರನ್ನೆಲ್ಲ ಲಾರಿಗೆ ಹೇರಲು ಅರ್ಧ ಗಂಟೆಯೂ ಬೇಡ.

ಸಲೋಮಿ ಎದ್ದು ನಿಂತಿದ್ದಾರೆ. ಮುಂದೆ ಹೋದರೆ ಕೆಲಸ ಕೆಡುತ್ತದೆ, ಹೋಗದಿದ್ದರೂ ಕೆಡುತ್ತದೆ.

ಮಾತಾಡುವವಳು ಮುದಕಮ್ಮ.

"ಅಣ್ಣಾ," ಎನ್ನುತ್ತಾಳೆ. ಗಟ್ಟಿಯಾಗಿ. ಸುತ್ತಲಿನ ಮೂರು ಕುಟುಂಬಗಳು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ನೀ ಯಾವೂರಾವ?"

"ಯಾಕ? ನಿನಗ ಗೊತ್ತಿಲ್ಲೇನು?"

"ಇವರಿಗೆ ಗೊತ್ತಾಗಲಿ, ಹೇಳು. ಯಲಬುರ್ಗಿ ತಾಲೂಕಿನಾಗ ನನ್ನ ತವರೂರು ಯಾವುದೋ ಅದ ಊರಾವ. ನಮ್ಮನಿ ಕಟ್ಟಿ ಮ್ಯಾಗ ಕುಂತು, ನನ್ನ ಕೈಯಾಗಿನ ರೊಟ್ಟಿ ತಿಂದು ಏನಂದಿ? ನೀ ನಮ್ಮೂರ ಹೆಣ್ಮಗಳು, ನನಗ ತಂಗಿ ಇದ್ದಂಗ, ನನ್ನ ನಂಬಿ ಬಾ ಅಂದಿ. ಅಂದೀಯೋ ಇಲ್ಲೋ?"

ಓಬಳೆಪ್ಪ ಹುಚ್ಚೀರಪ್ಪನ ತೋಳು ಬಿಡುತ್ತಾನೆ.

"ಮಾತಿಗೆ ಅಂದಿದ್ದು..."

"ಮಾತಿಗೆ ಅಂದಿದ್ದನ್ನ ಇವತ್ತು ತೊಡಿಗೆ ತಗೋ. ಕೂಡು. ಈ ಕೂಸಿನ ಸೋದರಮಾವ ನೀನ."

ಕ್ಷೌರದ ಅಜ್ಜನಿಗೆ ಅದರಲ್ಲಿ ಯಾವ ತೊಡಕೂ ಕಾಣುವುದಿಲ್ಲ. "ತವರೂರಾವ ಅಂದ್ರ ಮಾವನ ಬಿಡು. ಕೂಡಪಾ ಜಲ್ದಿ, ನನಗ ಇನ್ನೂ ಹದಿನೆಂಟು ತಲಿ ಅದಾವ," ಎನ್ನುತ್ತಾನೆ. ಯಾರೋ ಒಬ್ಬಳು ಮುದುಕಿ ಹಿಂದಿನಿಂದ, "ಹುಲಿಗೆಮ್ಮನ ಮುಂದ ಒಲ್ಲೆ ಅನಬ್ಯಾಡೋ ಯಪ್ಪಾ, ಕೂಡು," ಎಂದು ಅವನ ಬೆನ್ನು ತಟ್ಟುತ್ತಾಳೆ.

ಅವನು ಕೂರುತ್ತಾನೆ. ಮೊದಲು ಕುಕ್ಕುರುಗಾಲಿನಲ್ಲಿ, ಆಮೇಲೆ ಸರಿಯಾಗಿ ಚಕ್ಕಳಮಕ್ಕಳ ಹಾಕಿ. ಮುದಕಮ್ಮ ಕೂಸನ್ನು ಅವನ ತೊಡೆಯ ಮೇಲಿಡುತ್ತಾಳೆ. ಭಟ್ಟಿಯ ಕೆಂಪು ಧೂಳು ಇನ್ನೂ ಕಿವಿಯ ಸಂದಿಯಲ್ಲಿರುವ ಕೂಸು ಅವನ ಅಂಗಿಯ ಗುಂಡಿ ಹಿಡಿದು ಎಳೆಯುತ್ತದೆ. ಮೊದಲ ಎಳೆ ಕೂದಲು ಬೀಳುತ್ತದೆ. ಮುದಕಮ್ಮ ಸೆರಗೊಡ್ಡಿ ಅದನ್ನು ಹಿಡಿಯುತ್ತಾಳೆ. ಅಮೃತಾಳ ತಟ್ಟೆಯಲ್ಲಿ ಆರತಿಯ ಕುಡಿ ಗಾಳಿಗೆ ಎರಡು ಸಲ ಆರುತ್ತದೆ, ಎರಡು ಸಲವೂ ಅವಳು ಪಕ್ಕದವರ ದೀಪದಿಂದ ಹಚ್ಚಿಕೊಂಡು ಬರುತ್ತಾಳೆ. ಕತ್ತಿ ತಾಗಿ ಕೂಸು ಕಿರುಚಿದಾಗ ಓಬಳೆಪ್ಪ ತನಗರಿವಿಲ್ಲದೆ, "ಆತು, ಆತು ನನ್ನಪ್ಪ, ಇಷ್ಟ," ಎನ್ನುತ್ತಾನೆ.

ಜವಳ ಮುಗಿದ ಮೇಲೆ ಸೋದರಮಾವ ಆಯೇರಿ ಮಾಡಬೇಕು. ತಂಗಿಗೆ ಸೀರೆಯೋ ಕುಪ್ಪಸದ ಕಣವೋ ಕೊಡಬೇಕು. ಆ ಹೊತ್ತಿಗೆ ತಂಗಿ ಕೇಳಿದ್ದನ್ನು ಇಲ್ಲ ಎನ್ನಬಾರದು ಎಂಬುದು ಈ ಕಡೆಯ ನಂಬಿಕೆ. ಓಬಳೆಪ್ಪ ಜೇಬು ತಡಕಾಡುತ್ತಾನೆ.

"ನನಗ ಸೀರಿ ಬ್ಯಾಡ ಅಣ್ಣಾ. ಕುಪ್ಪಸಾನೂ ಬ್ಯಾಡ," ಎನ್ನುತ್ತಾಳೆ ಮುದಕಮ್ಮ. ಈಗ ಅವಳ ದನಿ ಅವನಿಗೆ ಮಾತ್ರ ಕೇಳುವಷ್ಟಿದೆ. "ಹತ್ತರ ತನಕ ಈ ಕಡಿ ತಿರುಗಿ ನೋಡಬ್ಯಾಡ. ಅಷ್ಟ ಕೊಡು."

ಅವನು ತೊಡೆಯ ಮೇಲೆ ಬಿದ್ದ ನಾಲ್ಕು ಕೂದಲನ್ನು ಒಂದೊಂದಾಗಿ ಆರಿಸಿ ಅವಳ ಸೆರಗಿಗೆ ಹಾಕುತ್ತಾನೆ. ಎದ್ದು, ಚೀಲದಿಂದ ಹುಚ್ಚೀರಪ್ಪನ ಮೊಬೈಲು ತೆಗೆದು ಕಲ್ಲಿನ ಮೇಲಿಡುತ್ತಾನೆ. ಟವೆಲ್ಲು ಕೊಡವಿ, ಯಾರ ಮುಖವನ್ನೂ ನೋಡದೆ, ಗುಡಿಯ ಮುಂದಿನ ಧರ್ಮದರ್ಶನದ ಸಾಲಿನ ತುದಿಗೆ ಹೋಗಿ ನಿಲ್ಲುತ್ತಾನೆ. ಹುಣ್ಣಿಮೆಯ ದಿನ ಆ ಸಾಲು ಕರಗಲು ಎರಡು ತಾಸು ಬೇಕು.

ಹೊಳೆಯಲ್ಲಿ ಮುಳುಗು, ಎಡೆ, ಕಾಯಿ. ಮುದಕಮ್ಮ ಯಾವುದನ್ನೂ ಬಿಡುವುದಿಲ್ಲ. ಅತ್ತ ಓಮ್ನಿಯಲ್ಲಿ ಪ್ರೆಸಿಲ್ಲಾ ಜಪಮಾಲೆಯನ್ನು ಎರಡನೇ ಸುತ್ತು ಮುಗಿಸಿದ್ದಾರೆ. ಎಂಟೂ ನಲವತ್ತಕ್ಕೆ ಬೋಳುತಲೆಗೆ ಅರಿಶಿಣ ಹಚ್ಚಿದ ಕೂಸು ಸಮೇತ ನಾಲ್ವರೂ ಹತ್ತುತ್ತಾರೆ.

"ಎಂತ ಸಿಸ್ಟರ್, ಅವ ಫೋನ್ ಮಾಡಿದ್ರೆ?" ಗೇರು ಹಾಕುತ್ತ ಪ್ರೆಸಿಲ್ಲಾ ಕೇಳುತ್ತಾರೆ.

"ಮಾಡಿದ್ರ ಮಾಡ್ಯಾನ. ನೀ ರಸ್ತೆ ನೋಡು."

ಹೆದ್ದಾರಿಗೆ ಬರುವ ತನಕ ಹಿಂದೆ ಬಂದ ಪ್ರತಿ ಗಾಡಿಯನ್ನೂ ಸಲೋಮಿ ಕನ್ನಡಿಯಲ್ಲಿ ನೋಡುತ್ತಾರೆ. ಎರಡು ವರ್ಷದ ಹಿಂದೆ ಇದೇ ಓಮ್ನಿಯ ಹಿಂದಿನ ಗಾಜು ಕಲ್ಲೇಟಿಗೆ ಒಡೆದಿತ್ತು. ಇನ್ನೂ ಗಾಜು ಹಾಕಿಸಿಲ್ಲ, ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಅದು ಗಾಳಿಗೆ ಪಟಪಟ ಬಡಿದುಕೊಳ್ಳುವಾಗಲೆಲ್ಲ ಹುಚ್ಚೀರಪ್ಪ ಬೆಚ್ಚಿ ಹಿಂದೆ ನೋಡುತ್ತಾನೆ. ಬಿಸ್ಕತ್ತು ತಿನ್ನುತ್ತ ಅಮೃತಾ, "ಅವ್ವ, ಆ ಮಾವ ಒಳ್ಳೆಯಾವೋ ಕೆಟ್ಟಾವೋ?" ಎಂದು ಕೇಳುತ್ತಾಳೆ. ಮುದಕಮ್ಮ, "ಸುಮ್ನ ತಿನ್ನು," ಎನ್ನುತ್ತಾಳೆ.

ಕೊಪ್ಪಳದ ಕಚೇರಿಯಲ್ಲಿ ಅಧಿಕಾರಿ ಮೊದಲು ಕೇಳಿದ್ದು ನಿಯಮದ ಪ್ರಶ್ನೆ. ಯಾರದಾದರೂ ಒತ್ತಾಯದಿಂದ ಬಂದು ಹೇಳುತ್ತಿದ್ದೀಯೇನಮ್ಮ?

"ಒತ್ತಾಯದಾಗ ಇದ್ದದ್ದು ಭಟ್ಟ್ಯಾಗ್ರಿ. ಇಲ್ಲಿಗೆ ನನ್ನ ಕಾಲಲೆ ಬಂದೀನಿ," ಎಂದಳು ಮುದಕಮ್ಮ. ಆಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲಿಲ್ಲ. ಹೆರಿಗೆಯಾದ ಹದಿಮೂರನೇ ದಿನಕ್ಕೆ ಮಣ್ಣು ಹೊತ್ತದ್ದು, ಅಮೃತಾಳ ಕೈಗೆ ಸಾಲೆಯ ಪಾಟಿಯ ಬದಲು ಇಟ್ಟಂಗಿಯ ಅಚ್ಚು ಬಂದದ್ದು, ರಾತ್ರಿ ಗುಡಿಸಲ ಚಿಲಕ ಹೊರಗಿನಿಂದ ಬೀಳುತ್ತಿದ್ದದ್ದು, ಎಲ್ಲ ಹೇಳಿದಳು. ಮೇಸ್ತ್ರಿಯ ಹೆಸರು ಕೇಳಿದಾಗ ಮಾತ್ರ ಸಲೋಮಿಯ ಮುಖ ನೋಡಿದಳು. ಸಲೋಮಿ ತಲೆ ತಗ್ಗಿಸಿದರು, ಸನ್ನೆ ಮಾಡಲಿಲ್ಲ. "ಓಬಳೆಪ್ಪ," ಎಂದಳು ಮುದಕಮ್ಮ. "ಇವತ್ತು ನನ್ನ ಕೂಸಿನ ಜವಳಕ್ಕ ಕುಂತಾನ. ಅದನ್ನೂ ಬರಕೊಳ್ರಿ."

ಮಧ್ಯಾಹ್ನ ಒಂದಕ್ಕೆ ಜೀಪುಗಳು ಭಟ್ಟಿ ಮುಟ್ಟಿದಾಗ ಯಾವ ಲಾರಿಯೂ ಬಂದಿರಲಿಲ್ಲ. ಉಳಿದ ಐದು ಕುಟುಂಬಗಳ ಇಪ್ಪತ್ತಮೂರು ಜನ ಇದ್ದಲ್ಲೇ ಇದ್ದರು. ಮಾಲೀಕ ಊಟಕ್ಕೆ ಕೂತಿದ್ದ. ಟ್ರ್ಯಾಕ್ಟರು ಮರಳಿದ್ದರೂ ಓಬಳೆಪ್ಪ ಬಾಯಿ ಬಿಟ್ಟಿರಲಿಲ್ಲ, ಮಾಲೀಕನಿಗೆ ಸುದ್ದಿಯೇ ಮುಟ್ಟಿರಲಿಲ್ಲ.

ಸಂಜೆ ಸಲೋಮಿಯವರ ಫೋನಿಗೆ ಕರೆ ಬಂತು.

"ಸಿಸ್ಟರ್, ನಾನು ಓಬಳೆಪ್ಪ. ಗದ್ದಲದಾಗ ನಾಕು ಮಂದಿ ತಪ್ಪಿಸಿಕೊಂಡ್ರು ಅಂತ ಹೇಳಿ ಮಾಲಕನ ಕಡಿ ಒದಿಸಿಕೊಂಡೀನಿ. ನನ್ನ ಹೆಸರು ಕಾಗದದಾಗ ಹಾಕಿಸಬ್ಯಾಡ್ರಿ. ನನಗೂ ಮಕ್ಕಳದಾವ."

ಆ ಕ್ಷಣವನ್ನು ನೆನೆದರೆ ಸಲೋಮಿ ಈಗಲೂ ಸೆರಗಿನ ಅಂಚು ತಿರುಚುತ್ತಾರೆ. ಅವನಿಗೆ ಅವರು ಸುಳ್ಳು ಭರವಸೆ ಕೊಡಲಿಲ್ಲ. "ಹೆಸರು ಬರದಾಗೈತಿ ಓಬಳೆಪ್ಪ. ಹದಿನಾಲ್ಕು ತಿಂಗಳು ಮಾಡಿದ್ದೂ ಬರದಾಗೈತಿ, ಇವತ್ತು ಎರಡು ತಾಸು ಮಾಡಿದ್ದೂ ಬರದಾಗೈತಿ. ಎರಡನೇದಕ್ಕ ಸಾಕ್ಷಿ ಬೇಕಂದ್ರ ಕೋರ್ಟಿಗೆ ನಾನ ಬರ್ತೀನಿ," ಎಂದರು. ಅವನು ಫೋನು ಇಟ್ಟ.

ಈಗ ಮೂರು ವಾರ ಕಳೆದಿವೆ. ಆರೂ ಕುಟುಂಬಗಳಿಗೆ ಬಿಡುಗಡೆ ಪತ್ರ ಸಿಕ್ಕಿದೆ. ಅಮೃತಾ ವಸತಿ ಶಾಲೆಯ ನಾಲ್ಕನೇ ತರಗತಿಗೆ ಸೇರಿದ್ದಾಳೆ, ಮೂರನೆಯದರ ಪುಸ್ತಕವನ್ನು ರಾತ್ರಿ ಬೇರೆ ಓದುತ್ತಾಳಂತೆ. ಯಮನೂರನ ತಲೆಯಲ್ಲಿ ಹೊಸ ಕೂದಲು ಚುಚ್ಚತೊಡಗಿದೆ. ಕುಷ್ಟಗಿ ಕಡೆ ಹೋದಾಗಲೆಲ್ಲ ಸಲೋಮಿ ಅದರ ಮೇಲೆ ಕೈಯಾಡಿಸಿ ಬರುತ್ತಾರೆ. ಓಬಳೆಪ್ಪನಿಗೆ ಕೋರ್ಟಿನ ನೋಟಿಸು ಹೋಗಿದೆ. ಅದೇ ವಾರ ಹುಲಗಮ್ಮನ ಅಂಗಡಿಗೆ ಯಾರೋ ಒಂದು ಪೊಟ್ಟಣ ಕೊಟ್ಟು ಹೋಗಿದ್ದರು. ಒಳಗೆ ಹಸಿರು ಕುಪ್ಪಸದ ಕಣ. ಹೆಸರಿರಲಿಲ್ಲ. ಸಲೋಮಿ ಅದನ್ನು ಒಯ್ದು ಕೊಟ್ಟಾಗ ಮುದಕಮ್ಮ ಕಣ್ಣಿಗೊತ್ತಿಕೊಳ್ಳಲೂ ಇಲ್ಲ, ಒಗೆಯಲೂ ಇಲ್ಲ. ಪೆಟ್ಟಿಗೆಯಲ್ಲಿ, ಜವಳದ ಕೂದಲಿನ ಪಕ್ಕ ಇಟ್ಟಳು.

ಇಷ್ಟು ವರ್ಷದ ಓಡಾಟಕ್ಕೆ ಪ್ರತಿಯಾಗಿ ನಿಮಗೇನು ಬೇಕು ಎಂದು ಕೇಳಿದರೆ ಸಲೋಮಿ ಓಮ್ನಿಗೆ ಹಿಂದಿನ ಗಾಜು ಎನ್ನುತ್ತಾರೇನೋ ಎನ್ನಿಸುತ್ತದೆ.

"ಒಂದು ಹುಣ್ಣಿಮಿಗೆ ಹುಲಿಗಿಗೆ ಸುಮ್ನ ಹೋಗಬೇಕ್ರಿ. ಯಾರನ್ನೂ ಕಾಯಂಗಿರಬಾರದು. ಹೊಳಿ ನೋಡಿಕೋಂತ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ತಿಂದು, ಹುಲಗಮ್ಮನ ಚಾ ಬಿಸಿ ಇದ್ದಾಗ ಕುಡೀಬೇಕು. ಹನ್ನೊಂದು ವರ್ಷದಾಗ ಒಮ್ಮಿನೂ ಬಿಸಿ ಚಾ ಕುಡಿದಿಲ್ಲ."

ಹೋಳಿ ಹುಣ್ಣಿಮೆಗೆ ಇನ್ನು ಎಂಟೇ ದಿನ. ಆಗಲಾದರೂ ಆ ಚಹಾ ಸಿಕ್ಕೀತೇ?

"ಈ ಸಲ ಆಗಂಗಿಲ್ಲ," ಎಂದು ಅವರು ನೋಟ್‌ಬುಕ್ಕಿನ ಹೊಸ ಪುಟ ತೆಗೆಯುತ್ತಾರೆ. "ಶಾಹೀದ ಇನ್ನೊಂದು ಮನಿ ಹೆಸರು ತಂದಾನ. ಮೊದಲ ಆ ಹೆಣ್ಮಗಳಿಗೆ ಅಣ್ಣ ತಮ್ಮ ಎಷ್ಟು ಮಂದಿ ಅಂತ ಕೇಳಿ ಬರಕೋಬೇಕು."